ಗೋಡೆ ಮೇಲಿನ ಜಾಗ

"ಈ ಫೋಟೋನ ಎಲ್ಲಿ ಅಂತ ನೇತುಹಾಕಲಿ ಸಾರ್? ಗೋಡೇಲಿ ಒಂದು ಮೊಳೆ ಹೊಡೆಯೋಷ್ಟೂ ಜಾಗ ಇಲ್ಲ!" ಅಂತ ಬೇರರ್ ಮರಿಸ್ವಾಮಿ ಗೊಣಗಿದ.

ಮೈಸೂರಿನ ಆ ಹಳೇ ದೊಡ್ಡ ಹೋಟೆಲಲ್ಲಿ ಇಳಿದಿದ್ದ ರಾಜರು, ನಟಿಯರು, ಸಂಗೀತ ವಿದ್ವಾಂಸರೆಲ್ಲ ಆ ಗೋಡೇಲಿದ್ರು. ಎಲ್ರೂ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರಿಗೆಲ್ಲ ಅಡುಗೆ ಮಾಡಿ ಹಾಕಿದ ಮರಿಸ್ವಾಮಿಯ ಅಪ್ಪನೂ ಒಂದು ಮೂಲೇಲಿದ್ದ.

"ಆ ಅಡುಗೆಯವನನ್ನ ಇಳಿಸಯ್ಯ," ಅಂದ್ರು ಯಾವುದೋ ಕಂಪನಿಯ ಚೇರ್ಮನ್ ಚಂದ್ರಹಾಸ. ಒಂದು ವಾರ ರೂಮು ಹಿಡಿದಿದ್ದಕ್ಕೇ ತಮ್ಮ ಫೋಟೋನೂ ಅಲ್ಲಿರಬೇಕು ಅಂತ ಅವರ ಹಟ. ಮ್ಯಾನೇಜರ್ ಹಲ್ಲು ಕಿರಿದು ಹೂಂಗುಟ್ಟಿದ.

ಮರಿಸ್ವಾಮಿಗೆ ಮೈಯೆಲ್ಲ ಉರಿದುಹೋಯ್ತು. ಆದ್ರೂ ಅಪ್ಪನ್ನ ಇಳಿಸಿ ಚೇರ್ಮನ್ನರನ್ನ ಏರಿಸಿದ. ಮಾರನೇ ದಿನ ಶುಕ್ರವಾರ. ಪ್ರತಿ ವಾರದ ಹಾಗೇ ಎಲ್ಲಾ ಫೋಟೋ ಒರೆಸಿ, ಕುಂಕುಮ ಇಟ್ಟು, ಗಂಧದ ಹಾರ ಹಾಕಿ, ಊದುಬತ್ತಿ ಹಚ್ಚಿದ. ಚೇರ್ಮನ್ನರಿಗೂ ಒಂದು ಚೂರೂ ಕಮ್ಮಿ ಮಾಡಲಿಲ್ಲ.

ತಿಂಡಿಗೆ ಬಂದ ಅಜ್ಜಿಯೊಬ್ರು ಚಪ್ಪಲಿ ಬಿಟ್ಟು ಆ ಫೋಟೋಗೆ ಕೈಮುಗಿದ್ರು. ಪಕ್ಕದಲ್ಲೇ ನಿಂತಿದ್ದ ಚೇರ್ಮನ್ನರನ್ನ ಕೇಳಿದ್ರು, "ಥೇಟ್ ನಿಮ್ಮ ಹಾಗೇ ಇದ್ದಾರಲ್ಲಪ್ಪ, ಅಣ್ಣನಾ? ಪಾಪ, ಯಾವಾಗ ಹೋದ್ರು?"

"ಏನೋ ಇದು!" ಅಂತ ಚೇರ್ಮನ್ನರು ಮರಿಸ್ವಾಮಿ ಮೇಲೆ ಕಿರುಚಿದ್ರು.

"ಈ ಗೋಡೇಲಿ ಎಲ್ರಿಗೂ ಇದೇ ಮರ್ಯಾದೆ ಸಾರ್. ನಿಮ್ಮೊಬ್ಬರನ್ನೇ ಬಿಟ್ರೆ ಅವಮಾನ ಅಲ್ವಾ?"

ಚೇರ್ಮನ್ನರು ತಾವೇ ಸ್ಟೂಲ್ ಹತ್ತಿ ಫೋಟೋ ಇಳಿಸ್ಕೊಂಡು ಹೋದ್ರು. ಅಪ್ಪ ಮತ್ತೆ ತನ್ನ ಮೂಲೆಗೆ ಬಂದ.

ಮನೇಲಿ ಇದನ್ನ ಕೇಳಿ ಅವ್ವ ಮುದ್ದೆ ತಿರುವುತ್ತಲೇ ಅಂದ್ಲು, "ನಿಮ್ಮಪ್ಪ ಆ ಗೋಡೆ ಹತ್ತೋಕೆ ಸಾಯಬೇಕಾಯ್ತು ಕಣ್ಲಾ. ಈವಯ್ಯಂಗೆ ಅಷ್ಟೂ ತಾಳ್ಮೆ ಇಲ್ವಾ?"