ಕಾಲು ನೆನೆಯದೆ ತಲುಪುವ ದ್ವೀಪ

"ಕರ್ವೆಂಟ ಪಟ್ಟಣದ ಜನರೆಲ್ಲ ಕೇಳಿ! ಕಡಲಾಚೆಯ ನಾಡುಗಳನ್ನು ಕುರಿತು ರಾಜಕುಮಾರಿ ವೆಟೂರಿಯಾ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನು ಅವಳನ್ನು ಮದುವೆಯಾಗಿ ಬಂದರಿನ ಅಧಿಕಾರಿಯಾಗಬಹುದು. ಒಂದರಲ್ಲಿ ತಪ್ಪಿದರೂ ಬರುವ ಹುಣ್ಣಿಮೆಗೆ ಅವನ ತಲೆ ಉಳಿಯದು!"

ಬೀದಿ ಬೀದಿಯಲ್ಲಿ ಹೀಗೆ ಡಂಗುರ ಸಾರಿಸಿದವನು ಅವಿಲಿಯಸ್ ರಾಜ. ಅವನ ಪಟ್ಟಣದವರು ಲ್ಯಾಟಿನ್ ಮಾತಾಡುವವರು. ಹಿಂದಿನ ವರ್ಷ ಕಡಲಾಚೆಯಿಂದ ಬಂದ ರಾಯಭಾರಿಗಳನ್ನು ರಾಜ ತುಂಬಿದ ಸಭೆಯಲ್ಲಿ ಅವರ ಶತ್ರುಗಳ ಹೆಸರಿನಿಂದ ಕರೆದುಬಿಟ್ಟಿದ್ದ. ಅವರು ಅರ್ಧ ಊಟದಲ್ಲೇ ಎದ್ದು ಹಡಗು ಹತ್ತಿದ್ದರು. ಯಾವ ನಾಡಿನವರು ಯಾರೆಂದು ಬಲ್ಲವನೇ ತನಗೆ ಅಳಿಯನಾಗಬೇಕು ಎಂದು ಅಂದೇ ಅವನು ಹಟ ಹಿಡಿದ. ತಲೆಯ ಷರತ್ತು ಬೇಡವೆಂದು ಮಗಳು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ.

ಬಂದರಿನ ಪಕ್ಕದ ದೋಣಿ ಕಟ್ಟುವ ಕಾರ್ಖಾನೆಯಲ್ಲಿ ಹಗ್ಗ ಎಳೆಯುವ ಆಳು ಮಿಕ್ಕೋಸ್. ಮೂರು ವರ್ಷದ ಹಿಂದೆ ಒಡೆದ ಹಡಗಿನ ಹಲಗೆಯೊಂದನ್ನು ತಬ್ಬಿಕೊಂಡು ದಡ ಸೇರಿದವನು. ಆಗ ಅವನಿಗೆ ಇಲ್ಲಿಯ ಒಂದು ಮಾತೂ ಬರುತ್ತಿರಲಿಲ್ಲ. ಕಾರ್ಖಾನೆಯ ಯಜಮಾನ ಕೈಸೋ ಏನೂ ಕೇಳದೆ ಅವನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು ರೊಟ್ಟಿ ಮುರಿದು ಕೊಟ್ಟಿದ್ದ. ಅಂಥ ಕೈಸೋ ಕೂಡ ಆಸೆಗೆ ಬಿದ್ದು ಅರಮನೆಗೆ ಹೋದ, ಮೊದಲ ಒಗಟಿಗೇ ಸೋತ. ಇನ್ನೂ ನಾಲ್ವರ ಜೊತೆ ಸೆರೆಮನೆಯಲ್ಲಿದ್ದ. ಹುಣ್ಣಿಮೆಗೆ ಉಳಿದಿದ್ದು ನಾಲ್ಕೇ ದಿನ.

ಮಿಕ್ಕೋಸ್ ಕೈಗಂಟಿದ ಡಾಂಬರನ್ನು ಮರಳಿನಲ್ಲಿ ಉಜ್ಜಿ ತೊಳೆದುಕೊಂಡು ಅರಮನೆಗೆ ನಡೆದ.

ಅಂದು ಸಭೆಯಲ್ಲಿ ಇನ್ನಿಬ್ಬರು ಕಾದಿದ್ದರು. ರಾಜಕುಮಾರಿ ಎದ್ದು ನಿಂತು ಕೇಳಿದಳು: "ಎಲ್ಲರೂ ದ್ವೀಪವೆಂದು ಕರೆಯುವ ನಾಡೊಂದಿದೆ. ಅಲ್ಲಿಗೆ ಹೋಗಲು ದೋಣಿ ಬೇಡ, ಸೇತುವೆ ಬೇಡ. ಕತ್ತೆ ಹೊಡೆದುಕೊಂಡು ಹೋಗಬಹುದು, ಕಾಲು ನೆನೆಯುವುದಿಲ್ಲ. ಯಾವುದು?"

ದ್ರಾಕ್ಷಿ ತೋಟಗಳ ಒಡೆಯ ಸೆರಾನಸ್ ಮೀಸೆ ತಿರುವಿದ. "ಹಿಮಗಟ್ಟಿದ ಕೆರೆಯ ನಡುಗಡ್ಡೆ!"

"ಅಲ್ಲ," ಎಂದಳು ರಾಜಕುಮಾರಿ. ಕಾವಲುಗಾರರು ಅವನ ತೋಳು ಹಿಡಿದರು.

ಅವನ ಹಿಂದಿದ್ದ ಪಂಡಿತ ನಡುಗುವ ದನಿಯಲ್ಲಿ, "ಇಳಿತದ ಹೊತ್ತಿನಲ್ಲಿ ಏಳುವ ಮರಳ ದಿಬ್ಬ," ಎಂದ. ಅದೂ ತಪ್ಪಾಯಿತು. ಸೋತವರು ಈಗ ಏಳು ಜನ.

ಮಿಕ್ಕೋಸನ ಹರಿದ ಅಂಗಿ ನೋಡಿ ಸಭೆಯವರು ಮುಸಿಮುಸಿ ನಕ್ಕರು. ಆದರೆ ಒಗಟು ಕೇಳಿದ ಕೂಡಲೇ ಅವನ ಕಣ್ಮುಂದೆ ಬಂದದ್ದು ತನ್ನೂರು.

"ಪೆಲೊಪೊನ್ನೇಸಸ್, ರಾಜಕುಮಾರಿ. ಪೆಲೊಪ್ಸ್ ಎಂಬವನ ದ್ವೀಪ ಅಂತ ಅದರರ್ಥ. ಹೆಸರಿಗಷ್ಟೇ ದ್ವೀಪ. ಕೊರಿಂತಿನ ಹತ್ತಿರ ಕಿರಿದಾದ ನೆಲವೊಂದು ಅದನ್ನು ದೊಡ್ಡ ನಾಡಿಗೆ ಸೇರಿಸುತ್ತದೆ. ನಾನು ಹುಟ್ಟಿದ್ದೇ ಅಲ್ಲಿ. ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಹಡಗುಗಳನ್ನು ಆ ನೆಲದ ಮೇಲೆಯೇ ಎಳೆದಿದ್ದೇನೆ."

ನಗು ನಿಂತಿತು. ರಾಜಕುಮಾರಿಯ ಕಣ್ಣು ಅರಳಿತು. "ಎರಡನೆಯದು. ಕಡಲಾಚೆ ಒಂದು ಜನ. ನಾವು ದಿನವೂ ಅವರ ಹೆಸರು ಹೇಳುತ್ತೇವೆ. ಅವರ ಅಜ್ಜಿಯೊಬ್ಬಳನ್ನು ಕೇಳಿದರೆ ಆ ಹೆಸರಿನವರು ತಾವಲ್ಲ ಅನ್ನುತ್ತಾಳೆ. ಯಾರು?"

ಮಿಕ್ಕೋಸನಿಗೆ ನಗು ತಡೆಯಲಾಗಲಿಲ್ಲ. "ನಾವೇ! ನೀವು ನಮ್ಮನ್ನು ಗ್ರೈಕಿ ಅನ್ನುತ್ತೀರಿ, ನಾಡಿಗೆ ಗ್ರೈಕಿಯಾ ಅನ್ನುತ್ತೀರಿ. ನಾವು ಹೇಳಿಕೊಳ್ಳುವುದು ಹೆಲ್ಲೇನರು, ನಾಡು ಹೆಲ್ಲಾಸ್. ಯಾವುದೋ ಸಣ್ಣ ಕುಲದವರ ಪರಿಚಯ ನಿಮಗೆ ಮೊದಲು ಆಯಿತಂತೆ, ಅವರ ಹೆಸರನ್ನೇ ಎಲ್ಲರಿಗೂ ಇಟ್ಟುಬಿಟ್ಟಿರಿ. ಕಾರ್ಖಾನೆಯಲ್ಲಿ ಮೊದಲ ತಿಂಗಳು 'ಏ ಗ್ರೈಕ' ಅಂತ ಎಷ್ಟು ಕೂಗಿದರೂ ನಾನು ತಿರುಗಿ ನೋಡಲಿಲ್ಲ. ಇನ್ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡಿದ್ದೆ."

ಸಭೆಯೆಲ್ಲ ಗೊಳ್ಳೆಂದಿತು. ರಾಜನೂ ನಕ್ಕ.

"ಮೂರನೆಯದು," ಎಂದಳು ರಾಜಕುಮಾರಿ. ಈ ಬಾರಿ ಅವಳ ದನಿಯಲ್ಲೇ ಅಳುಕಿತ್ತು. "ಒಂದು ಸೀಮೆಯವರು ಕತ್ತಿಗೆ ಹೆದರುವುದಿಲ್ಲ, ಮಾತಿಗೆ ಹೆದರುತ್ತಾರೆ. ಅವರು ಯಾರೆಂದು ಹೇಳು. ಅವರನ್ನು ನಿಜವಾಗಿ ಬಲ್ಲೆಯೆಂದೂ ತೋರಿಸು."

"ಲಕೋನರು," ಎಂದ ಮಿಕ್ಕೋಸ್. ಅಷ್ಟೇ. ಬಾಯಿ ಮುಚ್ಚಿ ನಿಂತ.

"ವಿವರಿಸು!" ಎಂದು ರಾಜ ಗದರಿದ. ಮಿಕ್ಕೋಸ್ ತುಟಿ ಬಿಚ್ಚಲಿಲ್ಲ. "ಮುಂದಕ್ಕೆ ಗೊತ್ತಿಲ್ಲ ಇವನಿಗೆ," ಎಂದು ಯಾರೋ ಕೂಗಿದರು. ಕಾವಲುಗಾರ ಬಂದು ಅವನ ಭುಜದ ಮೇಲೆ ಕೈಯಿಟ್ಟ. ಬೆವರು ಹಣೆಯಿಂದ ಗಲ್ಲಕ್ಕಿಳಿದರೂ ಮಿಕ್ಕೋಸ್ ಸುಮ್ಮನೇ ಇದ್ದ.

ರಾಜಕುಮಾರಿ ಚಪ್ಪಾಳೆ ತಟ್ಟಿದಳು. "ಅಪ್ಪಾಜಿ, ಅವನು ತೋರಿಸಿದ್ದಾಯಿತು! ಲಕೋನಿಯಾದವರು ಒಂದೇ ಮಾತಲ್ಲಿ ಮುಗಿಸುವವರು. ಇವನೂ ಹಾಗೇ ಮುಗಿಸಿದ. ಇನ್ನೊಂದು ಮಾತು ಆಡಿದ್ದರೆ ಸೋಲುತ್ತಿದ್ದ."

ಆಗ ಮಿಕ್ಕೋಸ್ ದೀರ್ಘವಾಗಿ ಉಸಿರು ಬಿಟ್ಟ. "ನಮ್ಮ ತೆಂಕಣ ನೆರೆಯವರು ಅವರು, ಮಹಾಪ್ರಭು. ಅವರೂ ಹಡಗು ಎಳೆಸಲು ಬರುತ್ತಿದ್ದರು. ದಿನವಿಡೀ ಜೊತೆಗಿದ್ದರೂ ಅವರ ಬಾಯಿಂದ ಬರುತ್ತಿದ್ದದ್ದು 'ಎಳೆ' ಅನ್ನುವ ಮಾತೊಂದೇ."

ರಾಜ ಸಿಂಹಾಸನದಿಂದ ಇಳಿದು ಬಂದ. "ಗೆದ್ದೆ ನೀನು. ಬಂದರು ನಿನ್ನದು. ಮಗಳು ಒಪ್ಪಿದರೆ ಮದುವೆಯೂ ನಡೆಯಲಿ."

"ಅದಕ್ಕೂ ಮೊದಲು ಒಂದು ಬೇಡಿಕೆಯಿದೆ, ಮಹಾಪ್ರಭು. ಸೆರೆಯಲ್ಲಿರುವ ಏಳು ಜನರನ್ನು ಬಿಡಿಸಿ. ನಾನು ಬಂದದ್ದೇ ಅದಕ್ಕೆ. ಆ ದ್ವೀಪ ಅವರಿಗೆ ಗೊತ್ತಿಲ್ಲದ್ದು ತಪ್ಪಲ್ಲ, ಅವರು ಅಲ್ಲಿ ಹುಟ್ಟಲಿಲ್ಲ ಅಷ್ಟೇ."

ರಾಜನ ಹುಬ್ಬು ಗಂಟಿಕ್ಕಿತು. ಸಾರಿದ ಮಾತನ್ನು ಹಿಂದೆಗೆದುಕೊಳ್ಳುವುದು ಅವನಿಗೆ ಕಷ್ಟ. ವೆಟೂರಿಯಾ ಮಿಕ್ಕೋಸನ ಪಕ್ಕಕ್ಕೆ ಬಂದು ನಿಂತಳು. "ನಾನು ಒಪ್ಪಿದೆ, ಅಪ್ಪಾಜಿ. ಆದರೆ ಏಳು ಹೆಣ ಬಿದ್ದ ಊರಲ್ಲಿ ನನಗೆ ಮದುವೆ ಬೇಡ."

ರಾಜ ಒಮ್ಮೆ ಮಗಳನ್ನು, ಒಮ್ಮೆ ಹಗ್ಗ ಎಳೆದು ಬೊಬ್ಬೆಯೆದ್ದ ಆ ಕೈಗಳನ್ನು ನೋಡಿದ. ಕೊನೆಗೆ ಸೆರೆಮನೆಯ ಬೀಗದ ಕೈ ತರಿಸಿ ಮಿಕ್ಕೋಸನಿಗೇ ಕೊಟ್ಟ.

ಬಾಗಿಲು ತೆರೆದಾಗ ಕೈಸೋ ಮೂಲೆಯಲ್ಲಿ ಮುದುಡಿ ಕೂತಿದ್ದ. "ನಾನು 'ಹಡಗು' ಅಂದೆ ಕಣೋ," ಎಂದು ಗೊಣಗಿದ, "ಹಲಗೆ ಹಾಕಿದರೆ ಕಾಲು ನೆನೆಯದೆ ಹತ್ತಬಹುದಲ್ಲ. ಸರಿಯಾದ ಉತ್ತರ ಏನಂತೆ?"

"ದಾರಿಯಲ್ಲಿ ಹೇಳುತ್ತೇನೆ, ಯಜಮಾನರೇ. ಮೊದಲು ಏಳಿ, ಮದುವೆಗೆ ಗಂಡಿನ ಕಡೆಯ ಹಿರಿಯರು ಬೇಕು."

ಹುಣ್ಣಿಮೆಯ ದಿನ ಕೈಸೋ ಗಂಡಿನ ತಂದೆಯ ಜಾಗದಲ್ಲಿ ನಿಂತ. ಉಳಿದ ಆರು ಮಂದಿ ಪಂಕ್ತಿಯಲ್ಲಿ ಮೊದಲು ಕೂತು, ಎರಡೆರಡು ಸಲ ಬಡಿಸಿಕೊಂಡು ಉಂಡರು.