ಬೈಗುಳ ತಿಂದ ಅಂಗಡಿ

ಕೊಳ್ಳಲು ಯೋಗ್ಯವಾದ ಆನ್‌ಲೈನ್ ಅಂಗಡಿಯನ್ನು ಕೂತಲ್ಲೇ ಗುರುತಿಸುವವನು ಇಡೀ ಜಿಲ್ಲೆಗೆ ನಾನೊಬ್ಬನೇ. ನಂಬಲ್ಲ ಅನ್ನೋರು ಎದುರಿಗೆ ಬನ್ನಿ!

"ಸಂಜೆಯೊಳಗೆ ನಾನು ಕೊಳ್ಳೋಕೆ ಅಂಥದ್ದೊಂದು ಅಂಗಡಿ ಹುಡುಕು. ಇಲ್ಲವಾದರೆ ನಾಳೆಯಿಂದ ಕೆಲಸಕ್ಕೆ ಬರಬೇಡ" ಎಂದರು ನಮ್ಮ ಸಾಹುಕಾರ್ ಗುರುಶಾಂತಪ್ಪ.

ಮಾರಾಟಕ್ಕಿದ್ದ ಎರಡು ಉಪ್ಪಿನಕಾಯಿ ಅಂಗಡಿಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಒಂದಕ್ಕೆ ಗಿರಾಕಿಗಳು ಬರೆದದ್ದು ಬರೀ ಹೊಗಳಿಕೆ. ಇನ್ನೊಂದಕ್ಕೆ ಬರೀ ಬೈಗುಳ: "ಉಪ್ಪು ಜಾಸ್ತಿ", "ಮೂರನೇ ಸಲ ತರಿಸಿದರೂ ತಡ!"

"ಎರಡನೆಯದು ಕೊಳ್ಳಿ, ಸಾಹುಕಾರ್ರೇ."

"ತಲೆ ನೆಟ್ಟಗಿದೆಯೇನೋ ನಿಂಗೆ?"

"ನಮ್ಮೂರ ನೀಲವ್ವಜ್ಜಿಯ ಹೋಟೆಲಿನಲ್ಲಿ ದಿನಾ ಎಲ್ಲರೂ ಚಟ್ನಿಯನ್ನು ಬೈಯುತ್ತಿದ್ದರು. ಮರುದಿನ ಅದೇ ಬೆಂಚಿಗೆ ಬರುತ್ತಿದ್ದರು. ಅಜ್ಜಿ ಹೋಗಿ ಎಷ್ಟೋ ವರ್ಷವಾಯ್ತು, ಆ ಖಾರ ಇನ್ನೂ ನನ್ನ ನಾಲಿಗೆ ಬಿಟ್ಟಿಲ್ಲ. ತಿನ್ನದೆಯೂ ಹೊಗಳಬಹುದು, ಸಾಹುಕಾರ್ರೇ. ಅಷ್ಟು ಪ್ರೀತಿಯಿಂದ ಬೈಯಬೇಕಾದರೆ ತಿಂದಿರಲೇಬೇಕು."

ಸಾಹುಕಾರ್ರು ಮೊಬೈಲ್ ಕಸಿದುಕೊಂಡು, ಬೈಗುಳಗಳನ್ನು ದೇವರನಾಮದಂತೆ ಓದಿದರು. ಎರಡನೆಯದನ್ನೇ ಕೊಂಡರು.

ಆ ಬೈಗುಳಗಳಿಗೆಲ್ಲ ಉತ್ತರ ಬರೆಯುವ ಕೆಲಸವನ್ನು ನನಗೆ ಕೊಟ್ಟರು.