ಮೊದಲು ಚಾಚಿದ ಕೈ

“ಗುರುಗಳೇ, ಪೋರ್ಚುಗಲ್‌ಗೆ ಹೋಗಲೋ, ಸ್ಪೇನ್‌ಗೆ ಹೋಗಲೋ?” ಎಂದು ಶಿಷ್ಯೆ ಕೇಳಿದಳು.

ಶಿಷ್ಯೆಯ ಹೆಸರು ಪ್ರಣೀತಾ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕೆಲಸ. ಲ್ಯಾಪ್‌ಟಾಪ್ ತೆರೆದು ಕೂತಲ್ಲೇ ಕಚೇರಿ. ಕೆಲಸ ಕೊಟ್ಟವರು, “ಯುರೋಪಿನಲ್ಲಿ ಎಲ್ಲಾದರೂ ಇರು, ಆದರೆ ಎಲ್ಲಿ ಎಂಬುದನ್ನು ಈ ತಿಂಗಳೊಳಗೆ ಹೇಳು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ” ಎಂದಿದ್ದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಎರಡೂ ದೇಶಗಳ ವೀಸಾ ಕೌಂಟರಿನಲ್ಲಿ ಅವಳಿಗೆ ಸಮಯ ನಿಗದಿಯಾಗಿತ್ತು. ಪಾಸ್‌ಪೋರ್ಟ್ ಇದ್ದದ್ದು ಒಂದೇ. ಹೀಗೆಯೇ ಹಿಂದೆ ಎರಡು ಸಲ ಸಮಯ ಗೊತ್ತುಮಾಡಿಕೊಂಡು, ಎರಡು ಸಲವೂ ಮನೆಯಲ್ಲೇ ಕೂತುಬಿಟ್ಟಿದ್ದಳು.

ಮಡಿಸಿದ ಹಾಳೆಯನ್ನು ಬಿಡಿಸಿ ಗುರುಗಳ ಮುಂದಿಟ್ಟಳು. ನಲವತ್ತೊಂದು ಸಾಲು. ಬಾಡಿಗೆ, ತೆರಿಗೆ, ಇಂಟರ್‌ನೆಟ್ಟಿನ ವೇಗ, ಬಿಸಿಲು, ಚಳಿ, ಹತ್ತಿರದಲ್ಲಿ ಮೊಸರು ಸಿಗುತ್ತದೆಯೇ ಇಲ್ಲವೇ. ಎಲ್ಲ ಸೇರಿಸಿ ನೋಡಿದರೆ ಎರಡು ದೇಶಗಳೂ ಸಮಸಮ.

“ಸ್ಪೇನ್‌ನಲ್ಲಿ ಬಿಸಿಲು ಚೆನ್ನಾಗಿದೆ, ನನ್ನ ಹಾಗೆ ಕೆಲಸ ಮಾಡೋರೂ ತುಂಬಾ ಇದಾರೆ” ಎಂದಳು. “ಪೋರ್ಚುಗಲ್‌ನಲ್ಲಿ ಒಂದು ಸಣ್ಣ ಊರಲ್ಲಿ ಕೋಣೆ ಸಿಕ್ಕಿದೆ. ಚಳಿಗಾಲದಲ್ಲಿ ಗೋಡೆ ತೇವ ಬರುತ್ತಂತೆ. ಮನೆಯ ಒಡತಿ ಕಾರ್ಮಿಂಡಾ ಅಂತ, ವಯಸ್ಸಾದವರು. ವಿಡಿಯೋದಲ್ಲಿ ಕೋಣೆ ತೋರಿಸ್ತಾ ಇದ್ದವರು, ತಮ್ಮ ಗಿಡದ ನಿಂಬೆಹಣ್ಣು ಕ್ಯಾಮೆರಾಕ್ಕೆ ಹಿಡಿದು, ನಿಮ್ಮ ಕಡೆ ಇದನ್ನ ಏನು ಮಾಡ್ತೀರಿ ಅಂದ್ರು. ಉಪ್ಪಿನಕಾಯಿ ಹಾಕೋದು ಹೇಳಿಕೊಟ್ಟೆ. ಈಗ ವಾರಕ್ಕೊಂದು ಸಲ ಜಾಡಿಯ ಫೋಟೋ ಕಳಿಸ್ತಾರೆ. ಯಾವಾಗ ಬಂದು ರುಚಿ ನೋಡ್ತೀಯ ಅಂತ ಕೇಳ್ತಾರೆ. ಅದಿರಲಿ ಬಿಡಿ, ಅದು ಲೆಕ್ಕಕ್ಕೆ ಬರೋದಲ್ಲ.”

ಗುರುಗಳು ಹಾಳೆಯನ್ನು ಪೂರ್ತಿ ಓದಿದರು. ಮತ್ತೆ ಮೊದಲಿನ ಹಾಗೆಯೇ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಈ ಕತೆ ಹೇಳಿದರು.

ಒಬ್ಬಳು ಬಳೆಗಾರ್ತಿ ಇದ್ದಳು. ಗಾಜಿನ ಬಳೆಗಳನ್ನು ದಾರಕ್ಕೆ ಪೋಣಿಸಿ, ಆ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದಳು. ಉಳಿದ ಬಳೆಗಾರರು ಬೀದಿಯ ತುದಿಯಿಂದಲೇ ಕೂಗುತ್ತ ಬರುತ್ತಿದ್ದರು. ಇವಳಿಗೆ ಕೂಗಲು ಸಂಕೋಚ. ಬಾಗಿಲ ಬಳಿ ಹೋಗಿ ಸುಮ್ಮನೆ ನಿಲ್ಲುವಳು. ಯಾರಾದರೂ ನೋಡಿದರೆ ಸರಿ, ನೋಡದಿದ್ದರೆ ಮುಂದಿನ ಮನೆ.

ಗೌರಿ ಹಬ್ಬಕ್ಕೆ ಹತ್ತು ದಿನವಿತ್ತು. ಹಬ್ಬ ಕಳೆದ ಮೇಲೆ ಬಳೆ ಕೇಳುವವರಿಲ್ಲ. ಅವಳು ಒಂದು ಕವಲುದಾರಿಗೆ ಬಂದಳು. ಎಡಗಡೆ ಹೋದರೆ ಮೇಲಣ ಊರು, ಬಲಗಡೆ ಹೋದರೆ ಕೆಳಗಣ ಊರು. ಎರಡನ್ನೂ ಸುತ್ತಲು ಸಮಯ ಸಾಲದು. ಕವಲಿನಲ್ಲಿ ಒಬ್ಬ ಮಜ್ಜಿಗೆ ಮಾರುತ್ತಿದ್ದ. ಬಳೆಗಾರ್ತಿ ಅವನ ಚಪ್ಪರದ ಕೆಳಗೆ ಕೂತು, ಬಂದವರನ್ನು ಹೋದವರನ್ನು ಕೇಳತೊಡಗಿದಳು. ಮೇಲಣ ಊರಿನಲ್ಲಿ ಮನೆ ಎಷ್ಟು? ಕೆಳಗಣ ಊರಿನಲ್ಲಿ ನೀರು ಹೇಗೆ? ನಾಯಿಗಳ ಕಾಟ ಉಂಟೇ? ಪರವೂರಿನವರಿಗೆ ಮಲಗಲು ಜಗಲಿ ಕೊಡುತ್ತಾರೆಯೇ? ಊರಿಗೊಂದು ದಾರ ಇಟ್ಟುಕೊಂಡು, ಒಳ್ಳೆಯ ಮಾತು ಕೇಳಿದಾಗಲೆಲ್ಲ ಒಂದು ಗಂಟು ಹಾಕಿದಳು.

ಮೊದಲ ದಿನ ಒಬ್ಬ ಅಜ್ಜಿ ಕೆಳಗಣ ಊರಿನಿಂದ ಹತ್ತಿ ಬಂದಳು. ಮಲಾರ ಕಂಡು ಎದುರಿಗೇ ಕೂತು ಕೈ ಚಾಚಿದಳು.

“ಸ್ವಲ್ಪ ತಾಳಿ ಅಜ್ಜಿ” ಎಂದಳು ಬಳೆಗಾರ್ತಿ. “ಯಾವ ಊರು ಅಂತ ಮೊದಲು ತೀರ್ಮಾನ ಆಗಲಿ. ಆಮೇಲೆ ಮಲಾರ ಬಿಚ್ತೀನಿ.”

“ಆಗಲಿ ತಾಯಿ. ನಮ್ಮೂರಿಗೆ ಬಂದರೆ ಬೋಣಿ ನನ್ನ ಕೈದೇ ಇರಲಿ” ಎಂದು ಅಜ್ಜಿ ಎದ್ದು ಹೋದಳು.

ಬಳೆಗಾರ್ತಿ ಅದಕ್ಕೆ ಗಂಟು ಹಾಕಲಿಲ್ಲ. ಅದು ಊರಿನ ವಿಷಯವಲ್ಲ ಎಂದುಕೊಂಡಳು.

ಮೂರು ದಿನ ಕಳೆಯಿತು. ಎರಡೂ ದಾರದಲ್ಲಿ ಹದಿನೇಳು ಹದಿನೇಳು ಗಂಟು. “ಏನಮ್ಮ, ಬೇರು ಬಿಟ್ಟೆಯಾ? ನೀರು ಹಾಕಲೇ?” ಎಂದು ಮಜ್ಜಿಗೆಯವನು ಬೆಳಿಗ್ಗೆ ಸಂಜೆ ಕೆಣಕುತ್ತಿದ್ದ.

ನಾಲ್ಕನೆಯ ದಿನ ದೂರದ ಊರಿಗೆ ಹೊರಟ ಒಬ್ಬ ದಾರಿಹೋಕ ನಿಂತ. ಹೆಂಡತಿಗೆ ಒಂದು ಡಜನ್ ಹಸಿರು ಬಳೆ ಬೇಕೆಂದ. ಅಳತೆ ಎಷ್ಟು ಎಂದರೆ ಬೆರಳುಗಳನ್ನು ಬಾಗಿಸಿ, “ಇಷ್ಟಿರಬಹುದು” ಎಂದು ತೋರಿಸಿದ.

ಬಳೆಗಾರ್ತಿಗೆ ಎಲ್ಲಿಲ್ಲದ ಧೈರ್ಯ ಬಂತು. ಕಸುಬಿನ ಮಾತು ಬಂದಾಗ ಅವಳಿಗೆ ಸಂಕೋಚವಿರಲಿಲ್ಲ. “ಇನ್ನೊಬ್ಬರ ಮಾತು ಕೇಳಿ ಬಳೆ ಕೊಡೋಳಲ್ಲ ನಾನು. ಕಣ್ಣಿಗೆ ಒಂದೇ ಥರ ಕಾಣೋ ಎರಡು ಕೈಗೆ ಒಂದೇ ಬಳೆ ಆಗಲ್ಲ. ಒಂದರ ಮೂಳೆ ಬಾಗುತ್ತೆ, ಇನ್ನೊಂದರದು ಬಾಗಲ್ಲ. ಕೈ ಹಿಡಿದರೇನೇ ಅಳತೆ” ಎಂದಳು.

ಮಜ್ಜಿಗೆಯವನು ಲೋಟ ಕೆಳಗಿಟ್ಟ. “ಅಲ್ಲ ಕಣಮ್ಮ, ಊರಿನ ಅಳತೆ ಮಾತ್ರ ಮೂರು ದಿನದಿಂದ ಇನ್ನೊಬ್ಬರ ಬಾಯಲ್ಲೇ ಕೇಳ್ತಾ ಇದೀಯಲ್ಲ.”

ಬಳೆಗಾರ್ತಿ ತನ್ನ ಕೈಯಲ್ಲಿದ್ದ ಎರಡು ದಾರಗಳನ್ನು ನೋಡಿದಳು. ಮೂರು ದಿನದಲ್ಲಿ ತನ್ನ ಮುಂದೆ ಬಂದ ಕೈ ಒಂದೇ ಒಂದು. ಅದನ್ನು ತಾನೇ ತಾಳು ಎಂದು ಕಳಿಸಿದ್ದಳು. ಅವಳು ಮಲಾರ ಎತ್ತಿ ಹೆಗಲಿಗೆ ಹಾಕಿಕೊಂಡು ಬಲಗಡೆಯ ದಾರಿ ಹಿಡಿದಳು.

ಕೆಳಗಣ ಊರಿನ ಬಗ್ಗೆ ಕೇಳಿದ್ದೆಲ್ಲ ನಿಜವಾಗಿತ್ತು. ನೀರು ಸಪ್ಪೆ. ನಾಯಿಗಳು ಮೂರು ಬೀದಿ ಅಟ್ಟಿಸಿಕೊಂಡು ಬಂದವು. ಅವಳು ಅಜ್ಜಿಯ ಮನೆ ಕೇಳಿಕೊಂಡು ಹೋಗಿ, ಎದುರಿಗೆ ಕೂತು, ಆ ಒರಟು ಕೈಯನ್ನು ತನ್ನ ಅಂಗೈಯಲ್ಲಿಟ್ಟು ಮೆಲ್ಲಗೆ ಒತ್ತಿ, ಒಂದು ಬಳೆಯೂ ಒಡೆಯದಂತೆ ತೊಡಿಸಿದಳು. ಅಜ್ಜಿ ಆ ಕೈಯನ್ನು ಗಲಗಲ ಅನ್ನಿಸುತ್ತ ನೀರಿಗೆ ಹೋದಳು. ಬಾವಿಕಟ್ಟೆಯಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಸಂಜೆಯ ಹೊತ್ತಿಗೆ ಅಜ್ಜಿಯ ಜಗಲಿಯ ಮೇಲೆ ಸೊಸೆಯರು, ನೆರೆಯವರು, ನೆರೆಯವರ ನಾದಿನಿಯರು. ಬಳೆಗಾರ್ತಿ ಯಾರ ಬಾಗಿಲಿಗೂ ಹೋಗಿ ನಿಲ್ಲಬೇಕಾಗಲಿಲ್ಲ. ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ಮೇಲಣ ಊರಿನ ಹೆಂಗಸರೂ ಅಲ್ಲಿಗೇ ಇಳಿದು ಬಂದರು.

ಹಬ್ಬದ ಹಿಂದಿನ ದಿನ ಅವಳು ಬರಿ ದಾರ ಹೆಗಲಿಗೆ ಹಾಕಿಕೊಂಡು ಏರು ಹತ್ತಿದಳು. ಕವಲಿನಲ್ಲಿ ನಿಂತಳು. ಹುಟ್ಟಿದಾಗಿನಿಂದ ಎತ್ತದ ದನಿ ಎತ್ತಿ, ಎರಡು ಊರಿಗೂ ಕೇಳುವ ಹಾಗೆ, “ಬಳೆ ಮುಗಿದವು” ಎಂದು ಕೂಗಿದಳು.

“ಮಾರೋಕೆ ಕೂಗಲಿಲ್ಲ, ಮುಗಿದ ಮೇಲೆ ಕೂಗ್ತೀಯಲ್ಲೇ” ಎಂದು ಮಜ್ಜಿಗೆಯವನು ನಕ್ಕು, ಬೆಣ್ಣೆ ತೇಲುತ್ತಿದ್ದ ಕಡೆಯಿಂದ ಒಂದು ಲೋಟ ಮಜ್ಜಿಗೆ ತುಂಬಿಸಿ ಕೊಟ್ಟ.

ಗುರುಗಳು ಕತೆ ಮುಗಿಸಿದರು.

ಪ್ರಣೀತಾ ಮೆಲ್ಲಗೆ, “ಹಾಗಾದರೆ ಮೇಲಣ ಊರು ಒಳ್ಳೆಯದಲ್ಲವೇ?” ಎಂದು ಕೇಳಿದಳು.

“ಬಹಳ ಒಳ್ಳೆಯ ಊರು” ಎಂದರು ಗುರುಗಳು. ತೊಡೆಯ ಮೇಲಿದ್ದ ಹಾಳೆಯನ್ನು ಬಿಡಿಸಿ ಅವಳ ಮುಂದೆ ಹಿಡಿದರು. “ಮಗು, ಈ ನಲವತ್ತೊಂದರಲ್ಲಿ ಆ ಉಪ್ಪಿನಕಾಯಿ ಜಾಡಿ ಎಷ್ಟನೆಯ ಸಾಲು?”

ಪ್ರಣೀತಾ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆ ಸಾಲು ಅದರಲ್ಲಿ ಇರಲೇ ಇಲ್ಲ. ನಮಸ್ಕರಿಸಿ ಎದ್ದಳು. ಹಾಳೆ ಗುರುಗಳ ಕೈಯಲ್ಲೇ ಉಳಿಯಿತು.